ಭೀಮಾತೀರದ ವ್ಯವಹಾರದ ನುಡಿ: ಓಲೆಯಿಂದ ದೂರವಾಣಿಯವರೆಗೆ

ಅಫಜಲಪುರ ತಾಲೂಕಿನ ಗೊಬ್ಬೂರಿನಲ್ಲಾಗಲಿ, ಆಳಂದ ಜೇವರ್ಗಿಗಳ ಯಾವುದೊಂದು ಹಳ್ಳಿಯಲ್ಲಾಗಲಿ, ತೊಗರಿಯ ಸುಗ್ಗಿ ಮುಗಿಯುವ ಹೊತ್ತಿಗೆ ಒಕ್ಕಲಿಗನು ತನ್ನ ಮಗನಿಗೆ ಹೇಳುವ ಮಾತು ಸಾಮಾನ್ಯವಾಗಿ ಈ ತೆರನಾಗಿರುವುದು: “ಅಡತಿ ಸಾವುಕಾರ್ರಿಗೆ ಫೋನ್ ಹಚ್ಚಿ ತೊಗರಿ ಭಾವ ಏನದ ಕೇಳು; ನಗದ ರೊಕ್ಕ ಕೊಡತಾರಂದ್ರ ಮಾಲ ಕಳಸೋಣು.” ಒಂದೇ ಉಸುರಿನ ಮಾತು. ಆದರೆ ಇದರೊಳಗಿನ ಪದಗಳನ್ನು ಬಿಡಿಸಿ ನೋಡಿದರೆ ಎರಡು ಸಾವಿರ ವರ್ಷಗಳ ಚರಿತ್ರೆಯು ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುವುದು. ‘ತೊಗರಿ’, ‘ಹಚ್ಚು’, ‘ಕೇಳು’, ‘ಕೊಡು’, ‘ಕಳಿಸು’ ಇವು ಅಚ್ಚಗನ್ನಡ. ‘ಸಾವುಕಾರ’ ಎಂಬುದು ಸಂಸ್ಕೃತದ ‘ಸಾಧು’ ಶಬ್ದವು ಪ್ರಾಕೃತದಲ್ಲಿ ‘ಸಾಹು’ ಆಗಿ ಬಂದ ರೂಪ. ಹಣ ಕೊಟ್ಟು ಬಡ್ಡಿ ಎಣಿಸುವವನಿಗೆ ಸಾಧುವೆಂಬ ಹೆಸರು ಬಂದುದನ್ನು ಕೇಳಿ ಸಾಲಗಾರರು ನಕ್ಕರೆ ತಪ್ಪಲ್ಲ. ‘ಭಾವ’ವೂ ಸಂಸ್ಕೃತವೇ; ಆದರೆ ಕವಿಗಳ ಭಾವವಲ್ಲ, ಮರಾಠಿಯ ಬಾಗಿಲಿನಿಂದ ಬಂದ ಬೆಲೆ. ‘ನಗದು’ ಮತ್ತು ‘ಮಾಲು’ ಅರಬ್ಬಿಯವು. ‘ಫೋನ್’ ಎಂಬುದು ಧ್ವನಿಯೆಂಬರ್ಥದ ಗ್ರೀಕ ಶಬ್ದ, ಇಂಗ್ಲಿಷರ ಮೂಲಕ ಬಂದುದು.

ಇಂಥ ಮಾತನ್ನು ಕಲಬೆರಕೆಯೆಂದು ಮೂಗು ಮುರಿಯುವ ವಿದ್ವಾಂಸರುಂಟು. ಆದರೆ ವ್ಯವಹಾರದ ಭಾಷೆಯನ್ನು ಕಾವ್ಯದ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಕಾವ್ಯದಲ್ಲಿ ಒಂದು ಪದ ತಿಳಿಯದಿದ್ದರೆ ರಸ ಕೆಡುವುದು. ವ್ಯವಹಾರದಲ್ಲಿ ಒಂದು ಪದ ತಿಳಿಯದಿದ್ದರೆ ಹೊಲ ಹೋಗುವುದು. ಈ ಪ್ರಾಂತದ ಚರಿತ್ರೆಯಲ್ಲಿ ಹಾಗೆ ಹೋದ ಹೊಲಗಳು ಕಡಿಮೆಯಲ್ಲ. ಆದಕಾರಣ ಯಾವ ಪದ ಯಾವ ಕಾಲದಲ್ಲಿ, ಯಾರ ಕೈಹಿಡಿದು ಬಂದಿತು, ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂಬುದನ್ನು ವಿಚಾರಿಸುವುದು ಬರಿಯ ನಿಘಂಟುಕಾರರ ವಿನೋದವಾಗಲಾರದು.

ಮೊದಲು ‘ವ್ಯವಹಾರ’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಕನ್ನಡಿಗರು ಇದನ್ನು ಕೊಡುಕೊಳ್ಳುವಿಕೆಗೂ ಬಳಸುವರು, ಕೋರ್ಟಿನ ವ್ಯಾಜ್ಯಕ್ಕೂ ಬಳಸುವರು. ಎರಡೂ ಅರ್ಥಗಳು ಪ್ರಾಚೀನವಾದವು. ಪಾಣಿನಿಯು ಒಂದು ಸೂತ್ರದಲ್ಲಿ ‘ವ್ಯವಹೃ’ ಮತ್ತು ‘ಪಣ್’ ಎಂಬ ಧಾತುಗಳನ್ನು ಸಮಾನಾರ್ಥಕಗಳಾಗಿ ಜೊತೆಗೂಡಿಸಿರುವನು. ಆ ‘ಪಣ’ವೇ ಕನ್ನಡದ ಬಾಯಲ್ಲಿ ‘ಹಣ’ವಾಯಿತು. ಕಾತ್ಯಾಯನಸ್ಮೃತಿಯಾದರೋ ‘ವಿ’ ಎಂದರೆ ನಾನಾ, ‘ಅವ’ ಎಂದರೆ ಸಂದೇಹ, ‘ಹಾರ’ ಎಂದರೆ ಹೋಗಲಾಡಿಸುವುದು ಎಂದು ಬಿಡಿಸಿ, ನಾನಾ ಸಂದೇಹಗಳನ್ನು ಕಳೆಯುವುದೇ ವ್ಯವಹಾರವೆಂದು ನಿರ್ವಚನ ಮಾಡಿರುವುದು. ವ್ಯಾಕರಣದ ದೃಷ್ಟಿಯಿಂದ ಈ ನಿರ್ವಚನವು ಸ್ವಲ್ಪ ಎಳೆದು ತಂದುದಾಗಿದ್ದರೂ ಅದರ ತಾತ್ಪರ್ಯವು ಸುಂದರವಾಗಿದೆ. ಸಂದೇಹವನ್ನು ಕಳೆಯದ ಮಾತು ವ್ಯವಹಾರದ ಮಾತೇ ಅಲ್ಲ.

ಈ ವಿಷಯದಲ್ಲಿ ಇಡಿಯ ಭರತಖಂಡಕ್ಕೆ ಪ್ರಮಾಣವಾದ ಗ್ರಂಥವೊಂದು ಇದೇ ಸೀಮೆಯಲ್ಲಿ ಹುಟ್ಟಿತೆಂಬುದನ್ನು ಇಲ್ಲಿಯ ಜನರೇ ಮರೆತಂತಿರುವುದು. ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಕಲಬುರ್ಗಿಗೆ ದೂರವಲ್ಲದ ಮರತೂರಿನವನೆಂದು ಪ್ರಸಿದ್ಧಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (೧೦೭೬–೧೧೨೬) ಅವನು ಆ ಗ್ರಂಥವನ್ನು ರಚಿಸಿ, ಕೊನೆಯಲ್ಲಿ ಕಲ್ಯಾಣಪುರವನ್ನೂ ವಿಕ್ರಮನನ್ನೂ ಕೊಂಡಾಡಿರುವನು. ದಾಯಭಾಗದ ವಿಷಯದಲ್ಲಿ ಮಿತಾಕ್ಷರೆಯ ಹೆಸರು ವಕೀಲರೆಲ್ಲರಿಗೂ ಗೊತ್ತು. ಆದರೆ ಅದೇ ವ್ಯವಹಾರಾಧ್ಯಾಯದಲ್ಲಿ ಸಾಲ, ಒತ್ತೆ, ಜಾಮೀನು, ಪತ್ರ, ಸಾಕ್ಷಿ ಇವುಗಳ ವಿಚಾರವೂ ವಿಸ್ತಾರವಾಗಿ ಬಂದಿದೆ. ಬರೆಹ, ಅನುಭೋಗ, ಸಾಕ್ಷಿ ಎಂಬ ಮೂರು ಮಾನುಷ ಪ್ರಮಾಣಗಳನ್ನು ಯಾಜ್ಞವಲ್ಕ್ಯನು ಹೇಳುವನು. ಸ್ವಹಸ್ತದಿಂದ ಬರೆದ ಪತ್ರವು ಸಾಕ್ಷಿಗಳಿಲ್ಲದಿದ್ದರೂ ಪ್ರಮಾಣವೇ. ಆದರೆ ಬಲಾತ್ಕಾರದಿಂದಲೋ ಕಪಟದಿಂದಲೋ ಬರೆಯಿಸಿದುದು ಪ್ರಮಾಣವಲ್ಲ. ಈ ಸಂದರ್ಭದಲ್ಲಿ ವಿಜ್ಞಾನೇಶ್ವರನು ಸೇರಿಸುವ ಒಂದು ಮಾತು ಅತ್ಯಂತ ಮಹತ್ವದ್ದು. ರಾಜಶಾಸನಕ್ಕೆ ಇರುವಂತೆ ಸಾಧುಶಬ್ದಗಳ ಕಟ್ಟುಪಾಡು ಸಾಲದ ಪತ್ರಕ್ಕೆ ಇಲ್ಲ. ಅದನ್ನು ಅವರವರ ದೇಶಭಾಷೆಯಲ್ಲಿಯೇ ಬರೆಯತಕ್ಕದ್ದು, ಎಂಬುದು ಅವನ ಅಭಿಪ್ರಾಯ. ಸಂಸ್ಕೃತದಲ್ಲಿ ಅಪಾರ ಪಾಂಡಿತ್ಯವುಳ್ಳವನು, ಸಂಸ್ಕೃತದಲ್ಲಿಯೇ ಬರೆಯುತ್ತಿದ್ದವನು, ಸಾಲಗಾರನ ಪತ್ರಕ್ಕೆ ಸಂಸ್ಕೃತ ಬೇಡವೆಂದನು. ಅಕ್ಷರ ಬಾರದ ಸಾಲಗಾರನು ತನ್ನ ಸಮ್ಮತಿಯನ್ನು ಸಾಕ್ಷಿಗಳೆದುರಿಗೆ ಬೇರೊಬ್ಬನಿಂದ ಬರೆಯಿಸಬೇಕೆಂಬ ಸ್ಮೃತಿವಚನವನ್ನೂ ಅವನು ಎತ್ತಿಕೊಂಡಿರುವನು. ಬರೆದವನಿಗಲ್ಲ, ಬರೆಯಿಸಿಕೊಂಡವನಿಗೆ ತಿಳಿಯುವಂತಿರಬೇಕೆಂಬುದೇ ಇದರ ಇಂಗಿತ. ಮುಂದಿನ ಎಂಟು ಶತಮಾನಗಳಲ್ಲಿ ಈ ಸೀಮೆಯನ್ನಾಳಿದವರು ಈ ಒಂದು ವಾಕ್ಯವನ್ನು ನೆನಪಿಟ್ಟಿದ್ದರೆ ಎಷ್ಟೋ ಅನರ್ಥ ತಪ್ಪುತ್ತಿತ್ತು.

ಅದೇ ಅಧ್ಯಾಯದಲ್ಲಿ ‘ಸತ್ಯಂಕಾರ’ ಎಂಬ ಶಬ್ದವೊಂದು ಬರುವುದು. ವ್ಯಾಪಾರ ನಿಶ್ಚಯವಾದುದಕ್ಕೆ ಗುರುತಾಗಿ ಮೊದಲೇ ಕೊಡುವ ಹಣ ಅಥವಾ ವಸ್ತು ಎಂದರ್ಥ. ಕೊಟ್ಟವನು ಮಾತಿಗೆ ತಪ್ಪಿದರೆ ಅದನ್ನು ಕಳೆದುಕೊಳ್ಳುವನು. ಪಡೆದವನು ತಪ್ಪಿದರೆ ಇಮ್ಮಡಿಯಾಗಿ ಹಿಂದಿರುಗಿಸಬೇಕು. ಈ ಸತ್ಯಂಕಾರವೇ ಪ್ರಾಕೃತದಲ್ಲಿ ಮೆದುವಾಗಿ ಕನ್ನಡದಲ್ಲಿ ‘ಸಂಚಕಾರ’ವಾಯಿತು. ಮುಂಗಡ ಹಣವೆಂಬ ಅರ್ಥವು ಹಳಬರ ಮಾತಿನಲ್ಲಿ ಇನ್ನೂ ಉಳಿದಿರುವುದು. ಆದರೆ ಪತ್ರಿಕೆಗಳ ಕನ್ನಡದಲ್ಲಿ ‘ಜೀವಕ್ಕೆ ಸಂಚಕಾರ’ ಎಂದರೆ ಅಪಾಯವೆಂದಾಗಿದೆ. ಸತ್ಯವನ್ನು ಮಾಡಿಕೊಡುವುದೆಂಬ ಮಾತು ಕೇಡೆಂಬ ಅರ್ಥಕ್ಕೆ ಇಳಿದುದು ಹೇಗೆ? ಯಮನು ಮುಂಗಡ ಕೊಟ್ಟು ಗೊತ್ತುಮಾಡಿಕೊಂಡನೆಂಬ ಭಾವನೆ ಇರಬಹುದು. ಮುಂಗಡ ಕೊಟ್ಟು ಹೊಲ ಕಳೆದುಕೊಂಡವರ ಅನುಭವವೂ ಇರಬಹುದು. ಇದರಂತೆಯೇ ‘ಉದ್ರಿ’ ಎಂಬುದು. ಸಂಸ್ಕೃತದ ‘ಉದ್ಧಾರ’ಕ್ಕೆ ಮೇಲೆತ್ತುವುದು ಎಂಬ ಅರ್ಥದ ಜೊತೆಗೆ ಸಾಲವೆಂಬ ಅರ್ಥವೂ ಉಂಟು. ಮರಾಠಿಯಲ್ಲಿ ‘ಉಧಾರಿ’, ಕನ್ನಡದಲ್ಲಿ ‘ಉದ್ರಿ’. ಇಂದು ನಗದು ನಾಳೆ ಉದ್ರಿ ಎಂದು ಅಂಗಡಿಯ ಗೋಡೆಯ ಮೇಲೆ ಬರೆದಿಟ್ಟ ವರ್ತಕನು ಗಿರಾಕಿಯ ಉದ್ಧಾರವನ್ನು ಒಂದು ದಿನ ಮುಂದೂಡಿದನೆಂದು ಹೇಳಬೇಕು. ಆ ‘ಗಿರಾಕಿ’ಯೂ ಸಂಸ್ಕೃತದ ‘ಗ್ರಾಹಕ’ನೇ, ಮರಾಠಿ ದೇಶವನ್ನು ಸುತ್ತಿಕೊಂಡು ಮನೆಗೆ ಬಂದುದರಿಂದ ಗುರುತು ಸಿಕ್ಕದೆ ಹೋಯಿತು.

ಚಾಲುಕ್ಯರ ಮತ್ತು ಅವರ ಮುಂದಿನವರ ಕಾಲದ ಶಿಲಾಶಾಸನಗಳನ್ನು ನೋಡಿದರೆ ಕನ್ನಡದ ವಾಣಿಜ್ಯಶಬ್ದಸಂಪತ್ತು ಎಷ್ಟಿತ್ತೆಂಬುದು ಗೊತ್ತಾಗುವುದು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ಮುಮ್ಮುರಿದಂಡಗಳು ಎಂಬ ವರ್ತಕಸಂಘಗಳು. ಸುಂಕ, ಪೆರ್ಜುಂಕ, ಬಿಲ್ಕೊಡೆ, ವಡ್ಡರಾವುಳ ಎಂಬ ತೆರಿಗೆಗಳು. ಹೇರು, ಕೊಳಗ, ಬಳ್ಳ, ಸೊಲ್ಲಗೆ ಎಂಬ ಅಳತೆಗಳು. ಗದ್ಯಾಣ, ಪಣ, ಹಾಗ, ಬೀಸ ಎಂಬ ನಾಣ್ಯಗಳು. ಸುದ್ದಿಯನ್ನು ಮುಟ್ಟಿಸುವ ವಿಷಯದಲ್ಲಿಯೂ ಹಾಗೆಯೇ. ತಾಳೆಯ ಗರಿಯೇ ‘ಓಲೆ’. ಅದನ್ನು ಒಯ್ಯುವವನು ‘ಓಲೆಕಾರ’. ಮೇಲಿನಿಂದ ಬಂದುದು ‘ನಿರೂಪ’. ಕೆಳಗಿನಿಂದ ಹೋದುದು ‘ಬಿನ್ನಪ’. ಲೆಕ್ಕ ಬರೆಯುವವನು ‘ಸೇನಬೋವ’. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಕಪ್ಪನ್ನೂ ಬಳಿದು, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕಕ್ಕೆ ‘ಕಡತ’ವೆಂದು ಹೆಸರು. ಒರಸಿದರೆ ಅಳಿಯುವಂತಹ ಆ ಕಡತದ ಹೆಸರನ್ನು ಈ ಕಾಲದ ಸರ್ಕಾರಿ ಕನ್ನಡವು ಎಂದಿಗೂ ಅಳಿಯದ, ಎಂದಿಗೂ ಮುಂದೆ ಸಾಗದ ಕಚೇರಿಯ ಕಾಗದದ ಕಟ್ಟಿಗೆ ಕೊಟ್ಟಿದೆ.

‘ಅಂಚೆ’ ಎಂಬ ಪದದ ಬಗ್ಗೆ ಒಂದು ಮಾತು. ‘ಹಂಸ’ದ ತದ್ಭವವು ಹಳಗನ್ನಡದಲ್ಲಿ ‘ಅಂಚೆ’. ನಳದಮಯಂತಿಯರ ಸಂದೇಶವನ್ನೊಯ್ದ ಹಂಸದಿಂದ ಈ ಹೆಸರು ಬಂದಿತೆಂದು ರಸಿಕರು ಹೇಳುವರು. ತಮಿಳಿನ ‘ಅಂಜಲ್’ ಎಂಬ ಶಬ್ದವು ಹತ್ತಿರದಲ್ಲಿಯೇ ಇರುವಾಗ ಆ ಹಂಸವನ್ನು ಅಷ್ಟು ದೂರದಿಂದ ಹಾರಿಸಿ ತರುವ ಅವಶ್ಯಕತೆ ಕಾಣದು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಹದಿನೇಳನೆಯ ಶತಮಾನದಲ್ಲಿ ಏರ್ಪಡಿಸಿದ ಅಂಚೆಯು ೧೮೮೯ರಲ್ಲಿ ಬ್ರಿಟಿಷ್ ಇಂಡಿಯದ ಟಪಾಲಿನೊಡನೆ ಸೇರಿತು. ಭೀಮಾತೀರಕ್ಕೆ ಮಾತ್ರ ಆ ಪದವು ಬಂದುದು ಬಹಳ ತಡವಾಗಿ, ೧೯೫೬ರ ಏಕೀಕರಣದ ತರುವಾಯ ಶಾಲೆಯ ಪುಸ್ತಕಗಳ ಮೂಲಕ. ಇಲ್ಲಿಯ ಮುದುಕರಿಗೆ ಅದು ಎಂದೆಂದಿಗೂ ‘ಟಪಾಲು’.

ಕಲಬುರ್ಗಿಯು ೧೩೪೭ರಲ್ಲಿ ಬಹಮನಿ ರಾಜ್ಯದ ರಾಜಧಾನಿಯಾದಂದಿನಿಂದ ದಫ್ತರದ ಭಾಷೆ ಪಾರಸಿಯಾಯಿತು. ವಿಜಾಪುರದ ಮೊದಲನೆಯ ಇಬ್ರಾಹಿಂ ಆದಿಲಶಹನು ಹದಿನಾರನೆಯ ಶತಮಾನದಲ್ಲಿ ಕಂದಾಯದ ಲೆಕ್ಕಪತ್ರಗಳನ್ನು ಪಾರಸಿಯಿಂದ ಬಿಡಿಸಿ ದೇಶೀಯ ಭಾಷೆಯಲ್ಲಿ ಬ್ರಾಹ್ಮಣ ಕರಣಿಕರ ಕೈಗೆ ಕೊಟ್ಟನೆಂದು ಫೆರಿಷ್ತಾ ಎಂಬ ಇತಿಹಾಸಕಾರನು ಹೇಳಿರುವನು. ಈ ಏರ್ಪಾಡಿನಿಂದ ಮೋಡಿ ಅಕ್ಷರವೂ ಮರಾಠಿಯ ಲೆಕ್ಕದ ಪದ್ಧತಿಯೂ ಕನ್ನಡ ಸೀಮೆಯಲ್ಲಿ ಬೇರೂರಲು ಅನುಕೂಲವಾಯಿತು. ಕಿರ್ದಿ, ಖತಾವಣಿ, ಬೇರೀಜು, ಪಾವತಿ, ಲಕೋಟೆ, ಲೇವಾದೇವಿ ಮುಂತಾದವು ಆ ದಾರಿಯಿಂದ ಬಂದವು. ಜಮಾ, ಖರ್ಚು, ಬಾಕಿ, ವಸೂಲು, ರಸೀದಿ, ವಾಯಿದೆ, ಅರ್ಜಿ, ಕಾಗದ ಇವು ಪಾರಸಿ ಅರಬ್ಬಿಗಳಿಂದ. ಇವುಗಳಲ್ಲಿ ಅನೇಕ ಪದಗಳು ಕನ್ನಡಿಗನ ಬಾಯಿಗೆ ಎಷ್ಟು ಒಗ್ಗಿದವೆಂದರೆ ‘ಬಾಕಿ’ಯನ್ನು ಕನ್ನಡವಲ್ಲವೆನ್ನುವವನು ತನ್ನ ನಾಲಗೆಯ ಅರ್ಧವನ್ನೇ ಕತ್ತರಿಸಿಕೊಳ್ಳಬೇಕಾದೀತು. ಪದಗಳು ಬಂದುದರಿಂದ ಕೇಡಾಗಲಿಲ್ಲ. ಕೇಡಾದುದು ಪತ್ರದ ಭಾಷೆಯೇ ಪರಕೀಯವಾದಾಗ.

ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಪಾರಸಿಯೇ ರಾಜಭಾಷೆಯಾಗಿತ್ತು. ೧೮೮೪ರ ಸುಮಾರಿಗೆ ಉರ್ದುವು ಅದರ ಸ್ಥಾನಕ್ಕೆ ಬಂದಿತು. ೧೯೧೮ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಶಿಕ್ಷಣವನ್ನೆಲ್ಲ ಉರ್ದುವಿನಲ್ಲಿಯೇ ಕೊಡತೊಡಗಿ, ಅದಕ್ಕಾಗಿ ಅನುವಾದದ ಇಲಾಖೆಯನ್ನೂ ನಡೆಯಿಸಿತು. ದೇಶಭಾಷೆಯೊಂದರಲ್ಲಿ ಶಾಸ್ತ್ರಗಳನ್ನು ಕಲಿಸಬಹುದೆಂದು ಅದು ತೋರಿಸಿಕೊಟ್ಟುದು ನಿಜವಾಗಿಯೂ ಸ್ತುತ್ಯವಾದ ಕೆಲಸ. ಆದರೆ ಕಲಬುರ್ಗಿ, ರಾಯಚೂರು, ಬೀದರಗಳ ರೈತನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. ಕುಲಕರ್ಣಿಯ ದಫ್ತರದಲ್ಲಿ ಮರಾಠಿ ಅಥವಾ ಕನ್ನಡ, ತಹಶೀಲಿನಲ್ಲಿ ಉರ್ದು, ಸಾವುಕಾರನ ವಹಿಯಲ್ಲಿ ಮೋಡಿ ಅಥವಾ ಮಾರವಾಡಿ ಅಕ್ಷರ. ದಸ್ತಾವೇಜಿನ ಮೇಲೆ ಹೆಬ್ಬೆಟ್ಟು ಒತ್ತುವವನಿಗೆ ಅದರೊಳಗೆ ಒತ್ತೆ ಬರೆದಿದೆಯೋ ಮಾರಾಟ ಬರೆದಿದೆಯೋ ತಿಳಿಯಬೇಕಾದರೆ, ಓದಿ ಹೇಳುವವನ ಪ್ರಾಮಾಣಿಕತೆಯೊಂದೇ ಆಧಾರ. ಪತ್ರದಲ್ಲಿ ಬರೆದ ಕಾಲವೂ ಫಸಲಿ ಸನ. ಆಜುರ್, ದೈ, ಬಹಮನ್ ಎಂದು ಇರಾಣದ ತಿಂಗಳುಗಳ ಹೆಸರು. ಸುಗ್ಗಿ, ಯುಗಾದಿ, ಕಾರಹುಣ್ಣಿಮೆಗಳಿಂದ ವಾಯಿದೆಯನ್ನು ಎಣಿಸುವ ಒಕ್ಕಲಿಗನಿಗೆ ತನ್ನ ಮುದ್ದತು ಎಂದು ತೀರಿತೆಂಬುದೂ ಗೊತ್ತಾಗುವಂತಿರಲಿಲ್ಲ. ವಿಜ್ಞಾನೇಶ್ವರನ ಊರಿನ ಸುತ್ತಲಿನಲ್ಲಿಯೇ ಅವನ ವಾಕ್ಯವು ಈ ರೀತಿ ತಲೆಕೆಳಗಾಯಿತು. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರ್ಗಿಯಲ್ಲಿ ನೆರೆದುದೂ, ಸಂಸ್ಥಾನವು ಭಾರತದಲ್ಲಿ ವಿಲೀನವಾದ ಮರುವರ್ಷ, ಅಂದರೆ ೧೯೪೯ರಲ್ಲಿ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಅದೇ ಊರಿನಲ್ಲಿ ಮತ್ತೆ ನೆರೆದುದೂ ಈ ಹಿನ್ನೆಲೆಯಲ್ಲಿ ನೋಡಿದರೆ ಬರಿಯ ಕವಿಗಳ ಉತ್ಸವವಲ್ಲ.

ವರ್ತಕರಾದರೋ ರಾಜರ ಭಾಷೆಗೆ ಕಾಯುವವರಲ್ಲ. ಅವರದೇ ಒಂದು ತಂತ್ರವಿತ್ತು. ಹುಂಡಿಯ ವ್ಯವಹಾರವು ಇದಕ್ಕೆ ಒಳ್ಳೆಯ ನಿದರ್ಶನ. ಕಂಡೊಡನೆ ಹಣ ಕೊಡತಕ್ಕುದು ‘ದರ್ಶನಿ ಹುಂಡಿ’. ಗೊತ್ತಾದ ಅವಧಿಯ ಮೇಲೆ ಕೊಡತಕ್ಕುದು ‘ಮುದ್ದತಿ ಹುಂಡಿ’. ಮರ್ಯಾದಸ್ಥ ವರ್ತಕನ ಕೈಗೇ ಸಲ್ಲತಕ್ಕುದು ‘ಶಾಹಜೋಗ ಹುಂಡಿ’. ಹುಂಡಿ ಕಳೆದುಹೋದರೆ ಅದರ ಪ್ರತಿಗೆ ‘ಪೇಠ’, ಅದೂ ಕಳೆದರೆ ‘ಪರಪೇಠ’. ಕಳೆದುಹೋಗುವ ಸಂಭವವನ್ನು ಮೊದಲೇ ಎಣಿಸಿ ಎರಡು ಹೆಸರುಗಳನ್ನು ಸಿದ್ಧಮಾಡಿಟ್ಟುಕೊಂಡ ಜನರ ಎಚ್ಚರಿಕೆಯನ್ನು ಮೆಚ್ಚಬೇಕು. ‘ಹುಂಡಿ’ಯೆಂಬ ಶಬ್ದವು ದೇವಸ್ಥಾನದಲ್ಲಿಯೂ ಕಾಣಿಕೆಯ ಪೆಟ್ಟಿಗೆಯಾಗಿ ಕುಳಿತಿದೆ. ನಾಣ್ಯದ ತೊಡಕು ಬೇರೆ. ನಿಜಾಮರ ರೂಪಾಯಿ ‘ಹಾಲಿ ಸಿಕ್ಕಾ’; ಬ್ರಿಟಿಷರದು ‘ಕಲ್ದಾರ’. ಏಳು ಹಾಲಿ ರೂಪಾಯಿಗೆ ಆರು ಕಲ್ದಾರ. ಸೊಲ್ಲಾಪುರ ಅಕ್ಕಲಕೋಟೆಗಳೊಡನೆ ವ್ಯಾಪಾರ ಮಾಡುತ್ತಿದ್ದ ಗಡಿಯ ವರ್ತಕನು ಕಾಗದದಲ್ಲಿ ‘ರೂಪಾಯಿ’ ಎಂದಷ್ಟೇ ಬರೆದು ಯಾವ ರೂಪಾಯಿಯೆಂದು ಹೇಳದಿದ್ದರೆ ನೂರಕ್ಕೆ ಹದಿನಾಲ್ಕರಷ್ಟು ನಷ್ಟಕ್ಕೆ ಗುರಿಯಾಗುತ್ತಿದ್ದನು. ಒಂದು ವಿಶೇಷಣದ ಬೆಲೆ ಇಷ್ಟೆಂದು ಯಾವ ಅಲಂಕಾರಶಾಸ್ತ್ರವೂ ಇಷ್ಟು ಸ್ಪಷ್ಟವಾಗಿ ಕಲಿಸಲಾರದು.

ಕಾಗದದ ಒಕ್ಕಣೆಗೂ ಒಂದು ಶಿಸ್ತು ಇತ್ತು. ಮೇಲೆ ‘ಶ್ರೀ’ಕಾರ; ತಂದೆಗೆ ‘ತೀರ್ಥರೂಪ’, ಹಿರಿಯರಿಗೆ ‘ತೀರ್ಥರೂಪ ಸಮಾನ’; ಶರಣರ ಮನೆಗಳಲ್ಲಿ ‘ಶರಣು ಶರಣಾರ್ಥಿ’; ಆ ಬಳಿಕ ‘ಉಭಯಕುಶಲೋಪರಿ’; ಅದರ ಮೇಲೆ ‘ವಿನಂತಿ ವಿಶೇಷ’ವೆಂದು ವಿಷಯಪ್ರವೇಶ; ಕೊನೆಗೆ ‘ಲೋಭವಿರಲಿ’. ಈ ಕಡೆಯ ಮಾತು ಮರಾಠಿಯ ಮಾದರಿಯದು. ಅಲ್ಲಿ ಲೋಭವೆಂದರೆ ಪ್ರೀತಿ. ದಕ್ಷಿಣದ ಕನ್ನಡಿಗನು ಇಂತಹ ಕಾಗದವನ್ನು ಓದಿ, ಅರಿಷಡ್ವರ್ಗದಲ್ಲೊಂದನ್ನು ಇಟ್ಟುಕೊಳ್ಳಿರೆಂದು ಏಕೆ ಹರಸಿದರೆಂದು ಬೆರಗಾದರೆ ಆಶ್ಚರ್ಯವಿಲ್ಲ. ದನದ ಸಂತೆಯಲ್ಲಿ ಇದಾವುದೂ ಇಲ್ಲ. ದಲಾಲನೂ ಕೊಳ್ಳುವವನೂ ಒಂದು ವಸ್ತ್ರದ ಕೆಳಗೆ ಕೈಸೇರಿಸಿ, ಬೆರಳುಗಳನ್ನು ಹಿಡಿದು ಬೆಲೆಯನ್ನು ಗೊತ್ತುಮಾಡುವರು. ನೆರೆದ ನೂರು ಜನರ ನಡುವೆ ಇಬ್ಬರಿಗೆ ಮಾತ್ರ ಕೇಳುವ ಸಂಭಾಷಣೆಯದು. ದೂರದವನೊಡನೆ ಗುಟ್ಟಾಗಿ ಮಾತನಾಡುವ ಯಂತ್ರ ಬರುವ ಮುಂಚೆ ಹತ್ತಿರದವನೊಡನೆ ಗುಟ್ಟಾಗಿ ಮಾತನಾಡಲು ಕಂಡುಕೊಂಡ ಉಪಾಯವೆನ್ನಬಹುದು.

೧೮೭೧ರಲ್ಲಿ ಮುಂಬಯಿ ಕಡೆಯ ಉಗಿಬಂಡಿಯ ದಾರಿಯು ಸೊಲ್ಲಾಪುರದಿಂದ ಕಲಬುರ್ಗಿಯ ಮೇಲೆ ಹಾಯ್ದು ರಾಯಚೂರನ್ನು ಮುಟ್ಟಿ, ಮದರಾಸಿನ ಹಳಿಯೊಡನೆ ಕೂಡಿಕೊಂಡಿತು. ಹಳಿಯ ಪಕ್ಕದಲ್ಲಿಯೇ ತಂತಿಯ ಕಂಬಗಳೂ ಬಂದವು. ‘ತಂತಿ’ಯು ವೀಣೆಯ ‘ತಂತ್ರಿ’ಯೇ, ಉರ್ದು ಮರಾಠಿಗಳ ‘ತಾರು’ ಎಂಬ ಮಾತೂ ಈ ಭಾಗದಲ್ಲಿ ನಡೆಯುತ್ತಿತ್ತು. ಮುಂಬಯಿಯ ಧಾರಣೆಯು ಅದೇ ದಿನ ಕಲಬುರ್ಗಿಯ ವರ್ತಕನಿಗೆ ತಿಳಿಯುವಂತಾಯಿತು. ಆದರೆ ಬಂಡಿ ಹೂಡಿಕೊಂಡು ಬರುವ ಗೊಬ್ಬೂರಿನ ಒಕ್ಕಲಿಗನಿಗೆ ತಿಳಿಯಲಿಲ್ಲ. ಸುದ್ದಿಯ ವೇಗವು ಒಬ್ಬನಿಗೆ ಹೆಚ್ಚಿ ಇನ್ನೊಬ್ಬನಿಗೆ ಮೊದಲಿನಂತೆಯೇ ಉಳಿದರೆ ಲಾಭವೆಲ್ಲ ಮೊದಲಿನವನದು. ಹಳ್ಳಿಯವರ ಪಾಲಿಗೆ ತಂತಿಯೆಂದರೆ ಸಾವಿನ ಸುದ್ದಿ. ‘ತಂತಿ ಬಂತು’ ಎಂದೊಡನೆ ಒಡೆದು ಓದಿಸುವ ಮೊದಲೇ ಮನೆಯವರು ಅಳತೊಡಗುವರು. ಪೇಟೆಯವನಿಗೆ ಬದುಕು, ಹಳ್ಳಿಯವನಿಗೆ ಸಾವು, ಒಂದೇ ಕಂಬದಿಂದ. ಹೈದರಾಬಾದು ಸಂಸ್ಥಾನದ ಪ್ರತ್ಯೇಕ ಟಪಾಲು ೧೯೫೦ರ ಏಪ್ರಿಲ್ ೧ರಂದು ಭಾರತದ ಟಪಾಲಿನಲ್ಲಿ ಲೀನವಾಯಿತು. ತಂತಿಯು ೨೦೧೩ರ ಜುಲೈಯಲ್ಲಿ ದೇಶದಲ್ಲೆಲ್ಲ ನಿಂತುಹೋಯಿತು.

ದೂರವಾಣಿಯ ಕಥೆ ಇನ್ನೊಂದು ಬಗೆಯದು. ಗ್ರಾಹಮ್ ಬೆಲ್ಲನು ೧೮೭೬ರಲ್ಲಿ ಅದನ್ನು ಕಂಡುಹಿಡಿದನು. ೧೮೮೨ರ ಜನವರಿಯಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ವಿನ್ಯಾಸಗೃಹಗಳು ತೆರೆದವು. ಮಾತಿನ ಮೊದಲಿಗೆ ನಾವಿಕರು ಕೂಗುವ ‘ಅಹಾಯ್’ ಇರಲೆಂದು ಬೆಲ್ಲನ ಇಷ್ಟ. ‘ಹಲೋ’ ಇರಲೆಂದು ಎಡಿಸನ್ನನ ಸಲಹೆ. ಎಡಿಸನ್ನನದು ಗೆದ್ದು, ಭೀಮಾತೀರದವರೆಗೂ ಬಂದಿತು. ಆದರೆ ಇಲ್ಲಿ ಅದೊಂದೇ ಸಾಲದು. “ಹಲೋ, ಹೇಳ್ರಿ” ಎಂದು ‘ರೀ’ಕಾರ ಸೇರಿದ ಮೇಲೆಯೇ ಮಾತು ಮರ್ಯಾದೆಯ ಮಾತಾಗುವುದು, ಆಮೇಲೆ “ಆರಾಮ ಇದ್ದೀರಿ?” ಎಂಬ ಪ್ರಶ್ನೆ. ಹಳೆಯ ಕಾಗದದ ಉಭಯಕುಶಲೋಪರಿಯೇ ಇದು, ವೇಷ ಮರೆಸಿಕೊಂಡು ಬಂದುದು. ಧಾರಣೆಯ ಮಾತು ಅದಾದ ಮೇಲೆಯೇ. ಕುಶಲ ಕೇಳದೆ ಬೆಲೆ ಕೇಳುವವನನ್ನು ಈ ಸೀಮೆಯಲ್ಲಿ ಒರಟನೆನ್ನುವರು.

ಕ್ರಿಯಾಪದಗಳ ವಿಷಯವು ಎಲ್ಲಕ್ಕಿಂತ ಕೌತುಕದ್ದು. ಮೈಸೂರಿನ ಕಡೆಯವರು ‘ಫೋನ್ ಮಾಡು’ವರು, ಕಲಬುರ್ಗಿ ಧಾರವಾಡಗಳ ಕಡೆಯವರು ‘ಫೋನ್ ಹಚ್ಚು’ವರು. ಮರಾಠಿಯ ‘ಲಾವಣೆ’ಯ ಛಾಯೆ ಇದರಲ್ಲಿರುವುದು ಸ್ಪಷ್ಟ, ಆದರೆ ಧಾತು ಮಾತ್ರ ಕನ್ನಡದ್ದು. ದೀಪ ಹಚ್ಚುವುದು, ಗಂಧ ಹಚ್ಚುವುದು, ಮಗುವನ್ನು ಸಾಲಿಗೆ ಹಚ್ಚುವುದು, ಆಳನ್ನು ಕೆಲಸಕ್ಕೆ ಹಚ್ಚುವುದು: ಒಂದನ್ನು ಇನ್ನೊಂದಕ್ಕೆ ಕೂಡಿಸುವುದೇ ಇವೆಲ್ಲದರಲ್ಲಿಯ ಭಾವ. ಇದರ ಅಕರ್ಮಕವಾದ ಜೊತೆಯೇ ‘ಹತ್ತು’, ಹಳಗನ್ನಡದ ‘ಪತ್ತು’. ಆದುದರಿಂದಲೇ ಕರೆ ಕೂಡದಿದ್ದಾಗ “ಫೋನ್ ಹತ್ತವಲ್ದು” ಎನ್ನುವರು. ಒದ್ದೆಯ ಕಟ್ಟಿಗೆಗೆ ಬೆಂಕಿ ಹತ್ತದಂತೆ. ಎದುರಿನವರು ಉತ್ತರಿಸದಿದ್ದರೆ “ಎತ್ತವಲ್ರು”, ಮಾತು ಮುಗಿದಾಗ “ಇಡ್ಲೇನ್ರಿ?” ಎತ್ತುವುದಕ್ಕೂ ಇಡುವುದಕ್ಕೂ ಕೊಕ್ಕೆಯ ಮೇಲೊಂದು ಹಿಡಿಕೆ ಇದ್ದ ಕಾಲದ ಪದಗಳಿವು. ಹಿಡಿಕೆ ಹೋಯಿತು, ಕೊಕ್ಕೆ ಹೋಯಿತು, ಕ್ರಿಯಾಪದಗಳು ನಿಂತಿವೆ. ‘ಟ್ರಂಕ್ ಕಾಲ್’ ಬರೆಯಿಸಿ ಗಂಟೆಗಟ್ಟಲೆ ಕಾಯುತ್ತಿದ್ದ ದಿನಗಳಲ್ಲಿ ಸಾಧಾರಣ, ಅರ್ಜೆಂಟು, ಲೈಟ್ನಿಂಗ್ ಎಂದು ದರದ ತರಗತಿಗಳಿದ್ದವು. ೧೯೬೦ರಲ್ಲಿ ಲಖನೌ ಕಾನಪುರಗಳ ನಡುವೆ ನೇರವಾಗಿ ಸಂಖ್ಯೆ ತಿರುಗಿಸುವ ಏರ್ಪಾಡು ಆರಂಭವಾಗಿ, ಮುಂದಿನ ದಶಕಗಳಲ್ಲಿ ‘ಎಸ್‌ಟಿಡಿ’ ಎಂಬ ಮೂರಕ್ಷರವು ಹಳ್ಳಿಯ ಹುಡುಗನಿಗೂ ಬಾಯಿಪಾಠವಾಯಿತು. ತಮ್ಮ ಮನೆಯಲ್ಲಿ ಯಂತ್ರವಿಲ್ಲದವರು ನೆರೆಮನೆಯವರ ಸಂಖ್ಯೆಯನ್ನು ‘ಪಿ.ಪಿ.’ ಎಂಬ ಗುರುತಿನೊಡನೆ ಬರೆದುಕೊಡುತ್ತಿದ್ದರು. ೧೯೯೫ರ ಜುಲೈ ೩೧ರಂದು ಭಾರತದಲ್ಲಿ ಮೊದಲ ಸಂಚಾರಿ ಕರೆ ನಡೆಯಿತು. ದರವು ಹೆಚ್ಚಾಗಿದ್ದ ಆರಂಭದ ಕಾಲದಲ್ಲಿ ‘ಮಿಸ್ ಕಾಲ್ ಕೊಡು’ ಎಂಬ ಮಾತು ಹುಟ್ಟಿತು: ಒಂದು ಸಲ ಗಂಟೆಯಾದರೆ ಹೊರಟೆನೆಂದು, ಎರಡು ಸಲವಾದರೆ ಮುಟ್ಟಿದೆನೆಂದು ಅವರವರೇ ಕಟ್ಟಿಕೊಂಡ ಸಂಕೇತ. ತಪ್ಪಿದುದನ್ನು ‘ಕೊಡುವ’ ಈ ಪ್ರಯೋಗಕ್ಕೆ ಯಾವ ವೈಯಾಕರಣನೂ ಲಕ್ಷಣ ಬರೆದಿಲ್ಲ.

ಪಂಡಿತರು ಸುಮ್ಮನಿರಲಿಲ್ಲ. ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ನೆಲೆಗೊಳಿಸಿದ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಾಯಿತು. ಆ ಹೆಸರು ಮುಂದೆ ದೇಶಕ್ಕೆಲ್ಲ ಸಂದಿತು. ‘ದೂರವಾಣಿ’ಯೂ ಅದೇ ಮಾದರಿಯದು. ‘ಚರವಾಣಿ’, ‘ಸಂಚಾರಿ ದೂರವಾಣಿ’, ‘ಜಂಗಮವಾಣಿ’ಗಳು ಆಮೇಲೆ ಬಂದವು. ಇವುಗಳಲ್ಲಿ ಜಂಗಮವಾಣಿಯು ಶರಣರ ನಾಡಿನ ಕಿವಿಗೆ ಇಂಪಾದುದು. ಆದರೂ ಕಲ್ಯಾಣದ ಸುತ್ತಿನಲ್ಲಿಯೇ ಅದನ್ನು ಯಾರೂ ಬಾಯಿಂದ ಆಡರು. ‘ಕರೆ’ ಎಂಬ ಪದ ಮಾತ್ರ ಗೆದ್ದಿತು. ಅದು ಕೂಗಿ ಕರೆಯುವ ಕನ್ನಡದ ಧಾತುವೇ ಆದುದರಿಂದ. ಮಳಖೇಡದ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಸಂಸ್ಕೃತ ಕನ್ನಡಗಳನ್ನು ಹದವರಿಯದೆ ಬೆಸೆದರೆ ಕಾದ ಹಾಲಿಗೆ ಮಜ್ಜಿಗೆ ಬಿದ್ದಂತೆ ಕೆಡುವುದೆಂಬ ಅಭಿಪ್ರಾಯವನ್ನು ಅಂದೇ ಹೇಳಿತ್ತು. ಯಂತ್ರದೊಳಗಿನ ಮುದ್ರಿತ ಧ್ವನಿಯು ‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಅರ್ಥದ ಮಾತನ್ನು ಉಸುರುವಾಗ, ‘ವ್ಯಾಪ್ತಿ’ಯೆಂಬ ತರ್ಕಶಾಸ್ತ್ರದ ಶಬ್ದವೂ ‘ಚಂದಾದಾರ’ನೆಂಬ ಪಾರಸಿ ಶಬ್ದವೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುವು. ಕೇಳಿದ ರೈತನು ಅಷ್ಟನ್ನೂ ಕಿವಿಯ ಹೊರಗೆ ಬಿಟ್ಟು “ರೇಂಜ್ ಇಲ್ಲ” ಎನ್ನುವನು. ಇನ್ನೊಂದು ವಿಚಿತ್ರ: ತೊಗರಿಯ ಬೆಲೆಯನ್ನು ‘ಏಳು ಸಾವಿರದ ಎರಡು ನೂರು’ ಎಂದು ಕನ್ನಡದಲ್ಲಿ ಹೇಳುವವನೇ ತನ್ನ ದೂರವಾಣಿಯ ಹತ್ತು ಅಂಕಿಗಳನ್ನು ಇಂಗ್ಲಿಷಿನಲ್ಲಿ ಹೇಳುವನು. ಬೆಲೆಯು ಎಣಿಕೆ, ಆ ಅಂಕಿಗಳು ಎಣಿಕೆಯಲ್ಲ, ಹೆಸರು. ಹೆಸರನ್ನು ಯಾರೂ ಅನುವಾದಿಸರಷ್ಟೆ.

ಹೈದರಾಬಾದು ಸಂಸ್ಥಾನವು ೧೩೩೯ ಫಸಲಿಯಲ್ಲಿ, ಎಂದರೆ ೧೯೩೦ರ ಸುಮಾರಿಗೆ, ಕೃಷಿ ಮಾರುಕಟ್ಟೆಗಳ ಕಾಯಿದೆಯನ್ನು ಮಾಡಿತ್ತು. ಏಕೀಕರಣದ ಮೇಲೆ ೧೯೬೬ರ ಕರ್ನಾಟಕದ ಕಾಯಿದೆ ಬಂದಿತು. ೧೯೬೩ರ ರಾಜಭಾಷಾ ಕಾಯಿದೆಯಿಂದ ಕಚೇರಿಯ ಭಾಷೆ ಕನ್ನಡವಾಯಿತು. ೨೦೦೪ರ ಜನವರಿಯಿಂದ ಕೇಂದ್ರ ಸರ್ಕಾರವು ನಡೆಸುತ್ತಿರುವ ಕಿಸಾನ್ ಕಾಲ್ ಸೆಂಟರಿನಲ್ಲಿ ರೈತನು ಕನ್ನಡದಲ್ಲಿ ಪ್ರಶ್ನೆ ಕೇಳಬಹುದಾಗಿದೆ. ೨೦೧೯ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲಬುರ್ಗಿಯ ತೊಗರಿಬೇಳೆಯ ಧಾರಣೆಯು ಈಗ ಒಕ್ಕಲಿಗನ ಕೈಯಲ್ಲಿರುವ ಯಂತ್ರದಲ್ಲಿಯೇ ಕಾಣುವುದು. ಒಂದು ಕಾಲದಲ್ಲಿ ತಂತಿಯು ವರ್ತಕನಿಗಷ್ಟೇ ಕೊಟ್ಟ ಅನುಕೂಲವು ಇಬ್ಬರಿಗೂ ಸಮವಾಯಿತೆಂಬುದು ಸಂತೋಷದ ವಿಷಯ. ಆದರೆ ಬ್ಯಾಂಕುಗಳಿಂದ ಬರುವ ಸಂದೇಶಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುವುವು. ಗುಪ್ತವಾಗಿರಬೇಕಾದ ಸಂಖ್ಯೆಯೊಂದು ಬಂದರೆ, ಅದನ್ನು ಯಾರಿಗೂ ಹೇಳಬೇಡವೆಂಬ ಎಚ್ಚರಿಕೆಯೂ ಓದಲು ಬಾರದ ಅದೇ ಭಾಷೆಯಲ್ಲಿ ಅದರ ಕೆಳಗೆ ಇರುವುದು. ಅತ್ತಣಿಂದ ಮಾತನಾಡುವ ಕಪಟಿಯಾದರೋ ಕನ್ನಡದಲ್ಲಿ, ‘ರೀ’ಕಾರ ಬಿಡದೆ, ಆರಾಮವನ್ನು ವಿಚಾರಿಸಿಯೇ ಆ ಸಂಖ್ಯೆಯನ್ನು ಕೇಳುವನು. ಮೋಸಗಾರನಿಗೆ ತಿಳಿದ ದೇಶಭಾಷೆಯ ಬೆಲೆ ಬ್ಯಾಂಕಿಗೆ ತಿಳಿಯದಿರುವುದು ವಿಷಾದಕರ. ಹೆಬ್ಬೆಟ್ಟಿನ ಕಾಲದ ದಸ್ತಾವೇಜಿಗೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಯಾಜ್ಞವಲ್ಕ್ಯನು ‘ಉಪಧಿ’ಯೆಂದು ಕರೆದ ಕಪಟವು ಯಂತ್ರವನ್ನು ಬದಲಾಯಿಸಿಕೊಂಡಿದೆ.

೨೦೧೬ರಿಂದ ದೂರವಾಣಿಯ ಮೂಲಕವೇ ಹಣವನ್ನು ಸಲ್ಲಿಸುವ ರೂಢಿಯೂ ಬಂದಿದೆ. ಅಂಗಡಿಯ ಕಟ್ಟೆಯ ಮೇಲಿನ ಚಿಕ್ಕ ಪೆಟ್ಟಿಗೆಯೊಂದು ಇಷ್ಟು ರೂಪಾಯಿ ಸ್ವೀಕರಿಸಲಾಗಿದೆಯೆಂದು ಗಟ್ಟಿಯಾಗಿ ಸಾರುವುದು. ಹಳೆಯ ‘ರಸೀದಿ’ಯ ಪಾರಸಿ ಮೂಲಕ್ಕೆ ‘ಬಂದು ಮುಟ್ಟಿತು’ ಎಂದೇ ಅರ್ಥ. ಹಿಂದಿನವರು ಕಾಗದಕ್ಕೆ ಉತ್ತರ ಬರೆಯುವಾಗಲೂ ‘ಕಾಗದ ಮುಟ್ಟಿತು’ ಎಂದೇ ಮೊದಲು ಮಾಡುತ್ತಿದ್ದರು. ಪೆಟ್ಟಿಗೆಯು ತನ್ನ ಮಾತನ್ನು ಮುಗಿಸಿದ ಮೇಲೆಯೂ ಗಿರಾಕಿಯು ಅಂಗಡಿಯವನ ಕಡೆಗೆ ನೋಡಿ “ಮುಟ್ಟಿತೇನ್ರಿ?” ಎಂದು ಕೇಳುವನು, ಅಂಗಡಿಯವನು “ಮುಟ್ಟಿತ್ರಿ” ಎಂದ ಮೇಲೆಯೇ ಚೀಲವನ್ನು ಹೆಗಲಿಗೇರಿಸುವನು.